ನಿಧಾನದ ನಿದಾನ

ಈ ಭಾಷಣಕ್ಕೆ ಇಟ್ಟಿರುವ ಹೆಸರಿನಲ್ಲಿ ಎರಡು ಪದಗಳಿವೆ. ಕಿವಿಗೆ ಅವೆರಡೂ ಒಂದೇ ಎನಿಸಿದರೆ ತಪ್ಪು ಕೇಳುವವರದಲ್ಲ. ನಮ್ಮ ಆಡುಮಾತಿನಲ್ಲಿ ಮಹಾಪ್ರಾಣವು ಸೊರಗಿ ಬಹುಕಾಲವಾಯಿತು. ಮೊದಲನೆಯದು ಧಕಾರದ ನಿಧಾನ, ಎಂದರೆ ಸಾವಕಾಶ. ಎರಡನೆಯದು ದಕಾರದ ನಿದಾನ, ಎಂದರೆ ರೋಗದ ಮೂಲಕಾರಣ ಮತ್ತು ಆ ಕಾರಣವನ್ನು ಗುರುತಿಸುವ ಕ್ರಮ. ಆಯುರ್ವೇದದಲ್ಲಿ 'ಮಾಧವ ನಿದಾನ' ಎಂಬ ಹೆಸರಾಂತ ಗ್ರಂಥವಿದೆ. ಚಿಕಿತ್ಸೆಯ ಗೊಡವೆಗೆ ಹೋಗದೆ ರೋಗವನ್ನು ಗುರುತಿಸುವುದು ಹೇಗೆ ಎಂಬುದಕ್ಕೇ ಅದು ಮೀಸಲು. ಮದ್ದು ಕೊಡುವುದಕ್ಕಿಂತ ಮೊದಲು ಕಾರಣವನ್ನು ತಿಳಿಯುವುದೇ ಒಂದು ಪ್ರತ್ಯೇಕ ಶಾಸ್ತ್ರವೆಂದು ನಮ್ಮ ಹಿರಿಯರು ಭಾವಿಸಿದ್ದರು ಎಂಬುದು ಇದರಿಂದ ಸ್ಪಷ್ಟ. ಶರೀರಕ್ಕೆ ಸಲ್ಲುವ ಆ ಕ್ರಮ ಯಂತ್ರಕ್ಕೂ ಸಲ್ಲುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ವಿವರಿಸುವುದು ನನ್ನ ಉದ್ದೇಶ. ಉದಾಹರಣೆ ತೀರ ಮನೆವಾರ್ತೆಯದು: ಮನೆಯ ಕಂಪ್ಯೂಟರಿನಲ್ಲಿ ವಿಡಿಯೊ ಚಿತ್ರವನ್ನು ಸಂಕೋಚಗೊಳಿಸುವಾಗ ಆ ಯಂತ್ರ ಕಾರಣ ಹೇಳದೆ ಮಂದವಾಗುವುದು.

ಮೊದಲು ಈ ಕೆಲಸದ ಸ್ವರೂಪವನ್ನು ನೋಡೋಣ. ಹಳೆಯ ವಿಡಿಯೊ ಕ್ಯಾಸೆಟ್ಟಿನಲ್ಲಿರುವ ಚಿತ್ರ, ನಮ್ಮ ದೇಶದ ಪದ್ಧತಿಯಂತೆ, ಸೆಕೆಂಡಿಗೆ 25 ಫ್ರೇಮುಗಳಾಗಿ ಓಡುತ್ತದೆ. ಅದನ್ನು ಅಂಕಿಗಳ ರೂಪಕ್ಕೆ ಇಳಿಸಿದಾಗ ಒಂದೊಂದು ಫ್ರೇಮೂ ಅಡ್ಡಸಾಲಿಗೆ 720, ಉದ್ದಸಾಲಿಗೆ 576 ಚುಕ್ಕೆಗಳ ಒಂದು ರಂಗೋಲಿ. ಎಂದರೆ ಫ್ರೇಮೊಂದಕ್ಕೆ 4,14,720 ಚುಕ್ಕೆಗಳು. ಸೆಕೆಂಡಿಗೆ ಒಂದು ಕೋಟಿಗೂ ಮಿಕ್ಕು. ಚುಕ್ಕೆಗೆ 2 ಬೈಟಿನಂತೆ ಲೆಕ್ಕ ಹಿಡಿದರೂ ಒಂದು ಗಂಟೆಯ ಚಿತ್ರಕ್ಕೆ ಸುಮಾರು 75 ಗಿಗಾಬೈಟು ಜಾಗ ಬೇಕು. ಅಷ್ಟನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಅದನ್ನು ಒಂದು ಗಿಗಾಬೈಟಿನ ಆಸುಪಾಸಿಗೆ ಇಳಿಸುವುದುಂಟು. ಹೀಗೆ ಇಳಿಸುವ ಕೆಲಸಕ್ಕೇ ಎನ್‌ಕೋಡಿಂಗ್ ಎಂದು ಹೆಸರು.

ಇದರ ಗುಟ್ಟು ಸರಳವಾದುದು. ತಾಳಮದ್ದಳೆಯ ಒಂದು ಕೂಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ಅರ್ಥಧಾರಿ ಕುಳಿತಲ್ಲೇ ಕುಳಿತಿದ್ದಾರೆ. ಹಿಂದಿನ ಪರದೆ ಅಲುಗುವುದಿಲ್ಲ. ಭಾಗವತರ ಕೈ, ಅರ್ಥಧಾರಿಯ ಮುಖ ಮತ್ತು ಬೆರಳು, ಇಷ್ಟೇ ಚಲಿಸುವುದು. ಪ್ರತಿ ಫ್ರೇಮಿನಲ್ಲೂ ಪರದೆಯನ್ನು ಮತ್ತೆ ಮತ್ತೆ ಬರೆಯುವ ಬದಲು 'ಹಿಂದಿನಂತೆಯೇ' ಎಂದು ಬರೆದರೆ ಸಾಕಲ್ಲವೆ? ಬೆರಳು ಸರಿದಿದ್ದರೆ 'ಇಷ್ಟು ಬಲಕ್ಕೆ, ಇಷ್ಟು ಮೇಲಕ್ಕೆ' ಎಂದು ಬರೆಯಬಹುದು. ಯಂತ್ರವು ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದು ಚೌಕದ ಪ್ರತಿರೂಪವನ್ನು ಹಿಂದಿನ ಮುಂದಿನ ಫ್ರೇಮುಗಳಲ್ಲಿ ಹುಡುಕುತ್ತ ಹೋಗುತ್ತದೆ. 2003ರಲ್ಲಿ ಅಂಗೀಕೃತವಾದ ಎಚ್.264 ಎಂಬ ಕ್ರಮ ಈ ಬಗೆಯದು. 2013ರ ಎಚ್.265, 2018ರ ಎವಿ1 ಎಂಬುವು ಅದರ ನಂತರ ಬಂದವು. ಅವು ಇನ್ನೂ ಹೆಚ್ಚು ಹುಡುಕುತ್ತವೆ, ಇನ್ನೂ ಹೆಚ್ಚು ಹೊತ್ತನ್ನೂ ಬೇಡುತ್ತವೆ. ಮನೆಯ ಕಂಪ್ಯೂಟರಿನಿಂದ ಗಂಟೆಗಟ್ಟಲೆ ಬಿಡುವಿಲ್ಲದ ದುಡಿಮೆ ತೆಗೆಯುವ ಕೆಲಸಗಳಲ್ಲಿ ಇದು ಒಂದು. ಕಾಗದ ಬರೆಯುವಾಗ, ಪತ್ರಿಕೆ ಓದುವಾಗ ಅಡಗಿ ಕುಳಿತಿದ್ದ ದೋಷಗಳೆಲ್ಲ ಹೊರಬೀಳುವುದು ಆಗಲೇ.

ಸಾಗರದಲ್ಲಿರುವ ನನ್ನ ಸೋದರಮಾವ ತಾಳಮದ್ದಳೆಯ ಹುಚ್ಚಿನವರು. 1988ರಿಂದ 1994ರವರೆಗೆ ತಮ್ಮ ಸೀಮೆಯಲ್ಲಿ ನಡೆದ ಕೂಟಗಳನ್ನು ಕ್ಯಾಮರಾ ಹೊತ್ತುಕೊಂಡು ಹೋಗಿ ಚಿತ್ರಿಸಿದ್ದರು. ಒಟ್ಟು 43 ಕ್ಯಾಸೆಟ್ಟುಗಳು. ಅವುಗಳಲ್ಲಿ ಮಾತನಾಡಿದ ಹಿರಿಯರಲ್ಲಿ ಅನೇಕರು ಈಗಿಲ್ಲ. ತಾಳಮದ್ದಳೆಯ ಅರ್ಥವಾದರೋ ಬರೆದಿಟ್ಟುಕೊಂಡು ಓದುವ ಮಾತಲ್ಲ. ಆ ರಾತ್ರಿ, ಆ ಎದುರಾಳಿಯ ಮುಂದೆ, ಆ ಕ್ಷಣಕ್ಕೆ ಹುಟ್ಟಿದ್ದು. ಕ್ಯಾಸೆಟ್ಟು ಹೋದರೆ ಆ ಮಾತಿಗೆ ಬೇರೆ ಪ್ರತಿ ಇರುವುದಿಲ್ಲ. ಮಲೆನಾಡಿನ ತೇವಕ್ಕೆ ಹಲವು ಸುರುಳಿಗಳ ಅಂಚಿನಲ್ಲಿ ಬಿಳಿಯ ಬೂಷ್ಟು ಹತ್ತಿತ್ತು. ಅವನ್ನು ಓಡಿಸುವ ವಿ.ಸಿ.ಆರ್. ಯಂತ್ರವೂ ದುರ್ಲಭ. 1976ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ವಿ.ಎಚ್.ಎಸ್. ಪದ್ಧತಿಯ ಈ ಯಂತ್ರಗಳನ್ನು ಕಟ್ಟಕಡೆಯವರೆಗೆ ತಯಾರಿಸುತ್ತಿದ್ದ ಫುನಾಯ್ ಕಂಪನಿ 2016ರ ಜುಲೈನಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಆದುದರಿಂದ ಮಾವನವರು ಅವಸರ ಮಾಡಿದ್ದು ಸಹಜವೇ.

ಅವರಿಗೆ ಒಬ್ಬ ಅಂಗಡಿಯವರು ವ್ಯವಸ್ಥೆ ಮಾಡಿಕೊಟ್ಟಿದ್ದರು. ಒಂದು ಕಡೆ ವಿ.ಸಿ.ಆರ್.ನಲ್ಲಿ ಕ್ಯಾಸೆಟ್ಟು ಓಡುತ್ತಿರಬೇಕು. ಕಂಪ್ಯೂಟರು ಆ ಚಿತ್ರವನ್ನು ಸ್ವೀಕರಿಸುತ್ತ ಸ್ವೀಕರಿಸುತ್ತಲೇ ಸಂಕೋಚಗೊಳಿಸಿ ಡಿಸ್ಕಿಗೆ ಬರೆಯಬೇಕು. ಯಂತ್ರ ತಂಪಾಗಿದ್ದಾಗ ಅದು ಸೆಕೆಂಡಿಗೆ 36 ಫ್ರೇಮುಗಳನ್ನು ಜೀರ್ಣಿಸಿಕೊಳ್ಳಬಲ್ಲದು, ಬರುತ್ತಿರುವುದು 25. ಹನ್ನೊಂದರ ಉಳಿಕೆಯಿದೆ, ಚಿಂತೆಯಿಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲಿ ಯಂತ್ರದ ಶಕ್ತಿ 21ಕ್ಕೆ ಇಳಿಯುತ್ತಿತ್ತು. ಕ್ಯಾಸೆಟ್ಟು ಯಾರಿಗಾಗಿಯೂ ನಿಲ್ಲುವುದಿಲ್ಲ. ಸೆಕೆಂಡಿಗೆ ನಾಲ್ಕು ಫ್ರೇಮು, ಎಂದರೆ ಸುಮಾರು ಆರಕ್ಕೊಂದು, ಎಲ್ಲೂ ದಾಖಲಾಗದೆ ಬಿದ್ದುಹೋಗುತ್ತಿತ್ತು. 'ವಾಲಿವಧೆ'ಯ ಕ್ಯಾಸೆಟ್ಟಿನಲ್ಲಿ ಆದದ್ದು ಇದೇ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಹೊತ್ತಿಗೆ ಸರಿಯಾಗಿ ಅರ್ಥಧಾರಿಯ ಕೈ ಎಗರಿ ಎಗರಿ ಚಲಿಸತೊಡಗಿತು. ತುಟಿ ಒಂದು ಕಡೆ, ಮಾತು ಒಂದು ಕಡೆ. ಮತ್ತೊಮ್ಮೆ ಓಡಿಸೋಣವೆಂದು ಹಾಕಿದಾಗ ಬೂಷ್ಟು ಹಿಡಿದ ಸುರುಳಿ ಯಂತ್ರದೊಳಗೆ ಅಂಟಿಕೊಂಡು ಹರಿಯಿತು. ಆ ಪ್ರಸಂಗದ ಆ ಭಾಗಕ್ಕೆ ಈಗ ಉಳಿದಿರುವುದು ಎಗರುವ ಪ್ರತಿಯೊಂದೇ. ಕಂಪ್ಯೂಟರಿನ ನಿಧಾನವೆಂದರೆ ನಮ್ಮ ತಾಳ್ಮೆಗೆ ಒದಗುವ ಸಣ್ಣ ಪರೀಕ್ಷೆ ಎಂದಷ್ಟೇ ತಿಳಿದವರಿಗೆ ಈ ಸಂಗತಿಯನ್ನು ಹೇಳಬೇಕಾಗುತ್ತದೆ.

ಅಂಗಡಿಯವರ ತೀರ್ಮಾನ ಸಿದ್ಧವಾಗಿತ್ತು: ಯಂತ್ರ ಹಳೆಯದಾಯಿತು, ಹೊಸದು ಕೊಳ್ಳಿ. ಮಾವನವರು ನನಗೆ ಫೋನು ಮಾಡಿ, "ಯಂತ್ರಕ್ಕೆ ವಯಸ್ಸಾಯಿತು ಅಂತಾರಪ್ಪ. ನನಗೂ ಆಗಿದೆ. ಹಾಗಂತ ನಿಮ್ಮತ್ತೆ ನನ್ನನ್ನ ಬದಲಾಯಿಸಿದಳೇನು?" ಎಂದರು. ಹಾಸ್ಯದ ಮಾತಾದರೂ ಅದರಲ್ಲಿ ತರ್ಕವಿದೆ. ಯಂತ್ರ ಬೆಳಿಗ್ಗೆ 36 ಫ್ರೇಮು ಮಾಡುತ್ತದೆ, ಅರ್ಧ ಗಂಟೆಯ ನಂತರ 21 ಮಾಡುತ್ತದೆ, ಮರುದಿನ ಬೆಳಿಗ್ಗೆ ಮತ್ತೆ 36 ಮಾಡುತ್ತದೆ. ಅರ್ಧ ಗಂಟೆಯಲ್ಲಿ ಬಂದು ರಾತ್ರಿಯಲ್ಲಿ ಹೋಗುವ ಮುಪ್ಪು ಯಾವುದು? ಬಂದು ಹೋಗುವ ಲಕ್ಷಣಕ್ಕೆ ಬಂದು ಹೋಗುವ ಕಾರಣವೇ ಇರಬೇಕು. ಇದು ನಿದಾನದ ಮೊದಲ ಪಾಠ.

ನಾನು ಸಾಗರಕ್ಕೆ ಹೋದವನು ಮೊದಲು ಹೇಳಿದ ಮಾತು, "ಮಾವ, ಕಾರಣ ಸಿಗುವವರೆಗೆ ಇನ್ನೊಂದು ಕ್ಯಾಸೆಟ್ಟನ್ನೂ ಹಾಕಬೇಡಿ" ಎಂಬುದು. ಎರಡನೆಯದು, ಒಂದು ನೋಟುಪುಸ್ತಕ ತರಲು ಹೇಳಿದ್ದು. ಮಾವನವರು ಭೂಗೋಳದ ಮೇಷ್ಟರಾಗಿದ್ದವರು. ಮನೆಯಂಗಳದ ಮಳೆಯನ್ನು ಅಳೆದು ಬರೆದಿಡುವ ಅಭ್ಯಾಸವುಳ್ಳವರು. ತಾರೀಖು, ಗಂಟೆ, ಕೆಲಸ ಶುರುವಾಗಿ ಎಷ್ಟು ನಿಮಿಷವಾಯಿತು, ಯಾವ ಚಿತ್ರದ ಎಷ್ಟನೆಯ ನಿಮಿಷ, ಸೆಕೆಂಡಿಗೆ ಎಷ್ಟು ಫ್ರೇಮು, ಎಂದು ಐದು ಅಂಕಣಗಳನ್ನು ಎಳೆದರು.

ಒಂದು ಒರೆಗಲ್ಲೂ ಬೇಕಾಯಿತು. ಬೂಷ್ಟಿಲ್ಲದ ಒಂದು ಕ್ಯಾಸೆಟ್ಟಿನಿಂದ ಎರಡೇ ನಿಮಿಷದ ಚಿತ್ರವನ್ನು ಸಂಕೋಚಗೊಳಿಸದೆ ಹಾಗೆಯೇ ಡಿಸ್ಕಿಗೆ ಇಳಿಸಿಕೊಂಡೆವು. ಅದು 3000 ಫ್ರೇಮು. ಸುಮಾರು ಎರಡೂವರೆ ಗಿಗಾಬೈಟು. ಇನ್ನು ಮುಂದಿನ ಪರೀಕ್ಷೆಗಳೆಲ್ಲ ಈ ತುಣುಕಿನ ಮೇಲೆ, ಒಂದೇ ಬಗೆಯ ಆಯ್ಕೆಗಳೊಂದಿಗೆ. ತುಣುಕು ಬದಲಾಗದು, ಲೆಕ್ಕ ಬದಲಾಗದು; ಆದಾಗ್ಯೂ ಹೊತ್ತು ಬದಲಾದರೆ ಕಾರಣ ಚಿತ್ರದಲ್ಲಿಲ್ಲ ಎಂದು ನಿಶ್ಚಯವಾಗುತ್ತದೆ. ನಮ್ಮ ತಾರ್ಕಿಕರು ಅನ್ವಯ, ವ್ಯತಿರೇಕ ಎಂದು ಎರಡನ್ನು ಹೇಳುತ್ತಾರೆ. ಇದಿದ್ದಾಗ ಅದಿರುವುದು ಅನ್ವಯ. ಇದಿಲ್ಲದಾಗ ಅದಿಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದರೆ ಮಾತ್ರ ಕಾರಣದ ಹತ್ತಿರ ಬಂದೆವೆಂದು ಹೇಳಬಹುದು. ಮನೆಯ ಯಂತ್ರ ಕೆಟ್ಟಾಗ ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತದ್ವಿರುದ್ಧ. ಒಂದೇ ಸಂಜೆಯಲ್ಲಿ ನಾಲ್ಕು ಬದಲಾವಣೆ ಮಾಡುತ್ತೇವೆ. ಯಂತ್ರ ಸರಿಯಾದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು. ಸರಿಯಾಗದಿದ್ದರೆ ಯಾವುದು ಹೊಸ ತೊಡಕನ್ನು ತಂದಿತೆಂದು ತಿಳಿಯದು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ವ್ರತವನ್ನು ಪಾಲಿಸುವುದು ಕಷ್ಟ. ಪಾಲಿಸಿದವರಿಗೆ ಫಲ ಉಂಟು.

ತಂಪಾದ ಯಂತ್ರದಲ್ಲಿ ಒರೆಗಲ್ಲಿನ ತುಣುಕು 83 ಸೆಕೆಂಡಿನಲ್ಲಿ ಮುಗಿಯಿತು. ಬಿಡುವು ಕೊಡದೆ ಅದನ್ನೇ ಮತ್ತೆ ಮತ್ತೆ ಓಡಿಸಿದೆವು. ಮೊದಲ ಏಳೆಂಟು ಸಲ ಹೆಚ್ಚು ವ್ಯತ್ಯಾಸವಿಲ್ಲ. ಆಮೇಲೆ 100, 120. ಕೊನೆಗೆ 143 ಸೆಕೆಂಡು. ಒಂದು ಗಂಟೆ ಆರಿಸಿ ಬಿಟ್ಟು ನೋಡಿದರೆ ಮತ್ತೆ 83. ಮಾವನವರ ಐದು ಅಂಕಣಗಳಲ್ಲಿ ಈ ಇಳಿತಕ್ಕೆ ಹೊಂದಿಕೊಂಡದ್ದು ಒಂದೇ, ಕೆಲಸ ಶುರುವಾಗಿ ಕಳೆದ ನಿಮಿಷಗಳು. ಗಡಿಯಾರದ ಹೊತ್ತು ಯಾವುದಾದರೇನು, ಚಿತ್ರ ಯಾವುದಾದರೇನು, ಅಷ್ಟು ದುಡಿದ ಮೇಲೆ ಯಂತ್ರ ಕುಗ್ಗುತ್ತಿತ್ತು. ಶೇಖರವಾಗುತ್ತ ಹೋಗುವ ಯಾವುದೋ ವಸ್ತು ಇಲ್ಲಿ ಕಾರಣವಾಗಿರಬೇಕು. ದುಡಿಯುವ ಯಂತ್ರದಲ್ಲಿ ಹಾಗೆ ಶೇಖರವಾಗುವುದು ಶಾಖ.

ಇಲ್ಲಿ ಅನೇಕರು ದಾರಿ ತಪ್ಪುವ ಒಂದು ತಿರುವಿದೆ. ಕಂಪ್ಯೂಟರಿನ ಟಾಸ್ಕ್ ಮ್ಯಾನೇಜರ್ ಎಂಬ ಫಲಕವನ್ನು ತೆರೆದು ನೋಡಿದರೆ ಪ್ರೊಸೆಸರು ನೂರಕ್ಕೆ ನೂರು ದುಡಿಯುತ್ತಿದೆ ಎಂದು ತೋರುತ್ತಿತ್ತು, ವೇಗವಾಗಿದ್ದಾಗಲೂ, ಮಂದವಾದಾಗಲೂ. ನೂರಕ್ಕೆ ನೂರು ದುಡಿಯುತ್ತಿರುವಾಗ ದೋಷವೆಲ್ಲಿ ಎಂದು ಕೇಳಬಹುದು. ಆದರೆ ಆ ಅಂಕಿ ಬಿಡುವಿಲ್ಲದೆ ದುಡಿಯುತ್ತಿದೆಯೇ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಬಿರುಸಿನಿಂದ ಎಂಬುದನ್ನು ಹೇಳುವುದಿಲ್ಲ. ಗದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನಾಟಿ ಮಾಡುವವನ ಕೈ ಮಧ್ಯಾಹ್ನದ ಬಿಸಿಲಿನಲ್ಲಿಯೂ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಅದೇ ಫಲಕದಲ್ಲಿ ಗಿಗಾಹರ್ಟ್ಸ್ ಎಂಬ ಇನ್ನೊಂದು ಅಂಕಿ ಇದೆ. ಅದು ಪ್ರೊಸೆಸರಿನ ಮಿಡಿತ. ತಂಪಾಗಿದ್ದಾಗ 3.3 ಇದ್ದ ಮಿಡಿತ ಕೊನೆಗೆ 1.9ಕ್ಕೆ ಇಳಿದಿತ್ತು. ಉಷ್ಣತೆಯನ್ನು ತೋರಿಸುವ ಒಂದು ಸಣ್ಣ ತಂತ್ರಾಂಶವನ್ನು ಹಾಕಿ ನೋಡಿದರೆ 98 ಡಿಗ್ರಿ ಸೆಲ್ಸಿಯಸ್. ಈಚಿನ ದಶಕಗಳ ಪ್ರೊಸೆಸರುಗಳಲ್ಲಿ ಬಹುಮಟ್ಟಿಗೆ 100 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಡಿ ಇರುತ್ತದೆ. ಅದನ್ನು ಮುಟ್ಟಿದೊಡನೆ ಚಿಪ್ಪು ತನ್ನ ಮಿಡಿತವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹಾಗೆ ಮಾಡದಿದ್ದರೆ ಸುಟ್ಟುಹೋದೀತು. ಅಂದಮೇಲೆ ನಾವು ದೋಷವೆಂದು ದೂರುತ್ತಿದ್ದ ನಿಧಾನ ಯಂತ್ರದ ಆತ್ಮರಕ್ಷಣೆಯಾಗಿತ್ತು.

ಆಯುರ್ವೇದದ ನಿದಾನಪಂಚಕದಲ್ಲಿ ಉಪಶಯ ಎಂಬ ಒಂದು ಅಂಗವಿದೆ. ಲಕ್ಷಣಗಳಿಂದ ರೋಗ ನಿಶ್ಚಯವಾಗದಿದ್ದಾಗ ಯಾವುದೋ ಒಂದು ಆಹಾರವನ್ನೋ ಔಷಧವನ್ನೋ ಕೊಟ್ಟು, ಶಮನವಾಗುವುದೇ ಎಂದು ನೋಡಿ ನಿರ್ಧರಿಸುವುದು ಉಪಶಯ. ನಾವು ಮಾಡಿದ್ದೂ ಅದನ್ನೇ. ಪೆಟ್ಟಿಗೆಯ ಪಕ್ಕದ ತಗಡನ್ನು ಕಳಚಿ, ಮೇಜಿನ ಫ್ಯಾನನ್ನು ಒಳಕ್ಕೆ ಮುಖಮಾಡಿ ಇಟ್ಟೆವು. 143ಕ್ಕೆ ಏರಿದ್ದ ಹೊತ್ತು 104ಕ್ಕೆ ಇಳಿಯಿತು. ಪೂರ್ತಿ ಗುಣವಾಗಲಿಲ್ಲ; ಆದರೆ ರೋಗ ಯಾವುದೆಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಆಮೇಲೆ ವಿದ್ಯುತ್ತನ್ನು ಕಡಿದು, ಪ್ರೊಸೆಸರಿನ ಮೇಲಿನ ಫ್ಯಾನನ್ನು ಬಿಚ್ಚಿದೆವು. ಅದರ ಕೆಳಗಿನ ಲೋಹದ ರೆಕ್ಕೆಗಳ ನಡುವೆ ವರ್ಷಗಳ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಫ್ಯಾನು ತಿರುಗುತ್ತಿತ್ತು, ಸದ್ದೂ ಮಾಡುತ್ತಿತ್ತು; ಗಾಳಿ ಮಾತ್ರ ಹಾಯುತ್ತಿರಲಿಲ್ಲ. ಚಿಪ್ಪಿಗೂ ಲೋಹಕ್ಕೂ ನಡುವೆ ಶಾಖವನ್ನು ದಾಟಿಸಲು ಸವರಿದ್ದ ಲೇಪ ಒಣಗಿ ಸುಣ್ಣದ ಚಕ್ಕೆಯಂತಾಗಿತ್ತು. ಧೂಳನ್ನು ಮೆದುವಾದ ಬ್ರಷ್ಷಿನಿಂದ ತೆಗೆದು, ಹಳೆಯ ಲೇಪವನ್ನು ಒರೆಸಿ, ಹೊಸದನ್ನು ಒಂದು ಬಟಾಣಿಯ ಗಾತ್ರದಷ್ಟು ಹಾಕಿ ಜೋಡಿಸಿದೆವು. ಆ ನಂತರ ಒರೆಗಲ್ಲಿನ ತುಣುಕು ಇಪ್ಪತ್ತು ಸಲ ಓಡಿದರೂ 84 ಸೆಕೆಂಡನ್ನು ಮೀರಲಿಲ್ಲ. ಉಷ್ಣತೆ 72 ಡಿಗ್ರಿಯಲ್ಲಿ ನಿಂತಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಇದು ಧೂಳಿನ ಕಥೆಯಾಗುತ್ತಿತ್ತು. ಮೂರು ದಿನಗಳ ನಂತರ ಮಾವನವರು ಪುಸ್ತಕವನ್ನು ಮುಂದಿಟ್ಟರು: "ನೋಡಪ್ಪ, ಮತ್ತೆ ಬಂತು." ನೋಡಿದರೆ ವೇಗ ಇಳಿದದ್ದು ನಿಜ. ಆದರೆ ಈ ಸಲ ಹೊಂದಿಕೊಂಡ ಅಂಕಣವೇ ಬೇರೆ. ಕೆಲಸ ಶುರುವಾಗಿ ಒಂದು ದಿನ 10 ನಿಮಿಷವಾಗಿತ್ತು, ಇನ್ನೊಂದು ದಿನ ಎರಡು ಗಂಟೆಯಾಗಿತ್ತು. ಗಡಿಯಾರದಲ್ಲಿ ಮಾತ್ರ ಮೂರು ದಿನವೂ ಮಧ್ಯಾಹ್ನ 1 ಗಂಟೆ. ಶಾಖಕ್ಕೆ ಗಡಿಯಾರ ನೋಡಲು ಬರುವುದಿಲ್ಲ. ಗಡಿಯಾರ ನೋಡಿ ಬರುವುದು ಇನ್ನೊಂದು ತಂತ್ರಾಂಶ. ಒಂದು ಗಂಟೆಗೆ ಫಲಕವನ್ನು ತೆರೆದು ಕುಳಿತೆವು. ಉಷ್ಣತೆ ಏರಲಿಲ್ಲ, ಇಳಿಯಿತು. ಪ್ರೊಸೆಸರಿನ ದುಡಿಮೆ ನೂರರಿಂದ ಅರ್ಧಕ್ಕೆ ಬಂತು, ಡಿಸ್ಕಿನದು ನೂರಕ್ಕೇರಿತು. ಪ್ರತಿದಿನ ಆ ಹೊತ್ತಿಗೆ ಡಿಸ್ಕಿನಲ್ಲಿರುವುದನ್ನೆಲ್ಲ ಶೋಧಿಸಬೇಕೆಂದು ಆ್ಯಂಟಿವೈರಸ್ಸಿಗೆ ಹೊತ್ತು ಗೊತ್ತುಮಾಡಲಾಗಿತ್ತು. ಎನ್‌ಕೋಡಿಂಗ್ ತಂತ್ರಾಂಶ ಚಿತ್ರವನ್ನು ಓದಬೇಕಾದ ಡಿಸ್ಕನ್ನೇ ಅದು ಗುಡಿಸುತ್ತಿತ್ತು. ಅಡುಗೆಯವನ ಕೈ ಚುರುಕಾಗಿದ್ದರೇನು, ಉಗ್ರಾಣದ ಬಾಗಿಲಲ್ಲಿ ನೂಕುನುಗ್ಗಲಾದರೆ ಒಲೆ ಸುಮ್ಮನೆ ಉರಿಯುತ್ತದೆ. ಶೋಧನೆಯನ್ನು ನಿಲ್ಲಿಸಲಿಲ್ಲ, ಅದೂ ಬೇಕಾದದ್ದೇ. ಕೆಲಸವಿಲ್ಲದ ರಾತ್ರಿ 9 ಗಂಟೆಗೆ ಅದನ್ನು ಸರಿಸಿದೆವು.

ಮೂರನೆಯ ನಿಧಾನ ಇನ್ನೂ ವಿಚಿತ್ರವಾದುದು. ಕ್ಯಾಸೆಟ್ಟುಗಳಿಂದ ಚಿತ್ರವನ್ನು ಇಳಿಸುವ ಕೆಲಸ ಮತ್ತೆ ಆರಂಭವಾದ ಮೇಲೆ, 17ನೆಯ ಕ್ಯಾಸೆಟ್ಟಿನ 'ಕೃಷ್ಣಸಂಧಾನ'ವನ್ನು ಸಂಕೋಚಗೊಳಿಸುವಾಗ 40ನೆಯ ನಿಮಿಷಕ್ಕೆ ವೇಗ 36ರಿಂದ 24ಕ್ಕೆ ಬೀಳುತ್ತಿತ್ತು. ಬೆಳಿಗ್ಗೆ ಮಾಡಿದರೂ ಅಲ್ಲೇ, ರಾತ್ರಿ ಮಾಡಿದರೂ ಅಲ್ಲೇ. ಆ ಜಾಗದಿಂದಲೇ ಆರಂಭಿಸಿದರೆ ಆರಂಭದಿಂದಲೇ ನಿಧಾನ. ಕಾಲದ ಎರಡು ಅಂಕಣಗಳೂ ಸುಮ್ಮನಿದ್ದು, ಚಿತ್ರದ ಜಾಗವನ್ನು ಹೇಳುವ ಅಂಕಣ ಮಾತ್ರ ಮಾತನಾಡುತ್ತಿತ್ತು. ಚಿತ್ರವನ್ನು ನೋಡಿದೊಡನೆ ಮಾವನವರಿಗೆ ನೆನಪಾಯಿತು. ಆ ರಾತ್ರಿ ಸಂಧಾನದ ನಡುವೆ ಕರೆಂಟು ಹೋಗಿ, ಗ್ಯಾಸ್‌ಲೈಟು ಹಚ್ಚಿ ಕೂಟವನ್ನು ಮುಂದುವರಿಸಿದ್ದರು. ಮಂದ ಬೆಳಕಿನಲ್ಲಿ ಕ್ಯಾಮರಾ ಕಣ್ಣರಳಿಸಿ ನೋಡಿದಾಗ ಚಿತ್ರದ ತುಂಬ ಮರಳು ಚೆಲ್ಲಿದಂಥ ಕಾಳುಗಳು ಮೂಡುತ್ತವೆ. ಆ ಕಾಳುಗಳು ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ. ಪರದೆ ಅಲುಗದಿದ್ದರೂ 'ಹಿಂದಿನಂತೆಯೇ' ಎಂದು ಬರೆಯುವ ಹಾಗಿಲ್ಲ. ಯಂತ್ರ ಪ್ರತಿಯೊಂದು ಚೌಕಕ್ಕೂ ಪ್ರತಿರೂಪವನ್ನು ಹುಡುಕುತ್ತದೆ, ಸಿಕ್ಕುವುದಿಲ್ಲ, ಮತ್ತಷ್ಟು ಹುಡುಕುತ್ತದೆ. ಕೊನೆಗೆ ಸಿಕ್ಕದ ವ್ಯತ್ಯಾಸವನ್ನೆಲ್ಲ ಉದ್ದುದ್ದಕ್ಕೆ ಬರೆಯುತ್ತದೆ. ಇದಕ್ಕೆ ಮದ್ದು ಬೇಕಿಲ್ಲ. ಹುಡುಕಾಟವನ್ನು ಕಡಿಮೆ ಮಾಡುವ ಆಯ್ಕೆಗಳಿವೆ. ಆರಿಸಿಕೊಂಡರೆ ವೇಗ ಬಂದೀತು, ಅದಕ್ಕೆ ಬೆಲೆಯಾಗಿ ಚಿತ್ರ ಮಸುಕಾಗುತ್ತದೆ, ಇಲ್ಲವೆ ಕಡತ ದೊಡ್ಡದಾಗುತ್ತದೆ. "ಕತ್ತಲಲ್ಲಿ ನೋಡೋಕೆ ಕಣ್ಣಿಗೂ ಹೊತ್ತು ಬೇಕಲ್ಲಪ್ಪ, ಬಿಡು" ಎಂದರು ಮಾವ. ಬಿಟ್ಟೆವು.

ಒಂದೇ ಯಂತ್ರದಲ್ಲಿ ಒಂದೇ ತೆರನಾಗಿ ಕಾಣಿಸಿಕೊಂಡ ಮೂರು ನಿಧಾನಗಳಿಗೆ ಮೂರು ಕಾರಣಗಳಿದ್ದುವು. ಇವುಗಳನ್ನು ಬಿಡಿಸಿದ್ದು ಒಂದು ಸಾಮಾನ್ಯವಾದ ಪ್ರಶ್ನೆ: ನಿಧಾನ ಮರುಕಳಿಸಿದಾಗ ಅದರೊಡನೆ ಇನ್ನೇನು ಮರುಕಳಿಸುತ್ತದೆ? ಅಷ್ಟೇ ಹೊತ್ತು ದುಡಿದ ಮೇಲೆ ಬಂದರೆ ಶಾಖವನ್ನು ಶಂಕಿಸಿ. ಗಡಿಯಾರದ ಅದೇ ಗಳಿಗೆಗೆ ಬಂದರೆ ಜೊತೆಯಲ್ಲಿ ವಾಸಿಸುವ ಬೇರೆ ತಂತ್ರಾಂಶಗಳನ್ನು ಶಂಕಿಸಿ. ಚಿತ್ರದ ಅದೇ ಜಾಗಕ್ಕೆ ಬಂದರೆ ಚಿತ್ರವನ್ನೇ ನೋಡಿ. ಈ ಮೂರರಲ್ಲಿ ಮೊದಲನೆಯದು ಗುಣವಾಗುವಂಥದು, ಎರಡನೆಯದು ಹೊಂದಿಸಿಕೊಳ್ಳುವಂಥದು, ಮೂರನೆಯದು ಒಪ್ಪಿಕೊಳ್ಳುವಂಥದು.

ನಾಲ್ಕನೆಯ ಬಗೆಯೊಂದು ಉಂಟು. ಮಾವನವರ ಮನೆಯಲ್ಲಿ ಅದು ಎದುರಾಗಲಿಲ್ಲ, ಬೇರೆ ಮನೆಗಳಲ್ಲಿ ಕಂಡಿದ್ದೇನೆ. ನಾಲ್ಕು ಕೋರುಗಳ, ಎಂದರೆ ನಾಲ್ಕು ಕೈಗಳ ಪ್ರೊಸೆಸರು ಬರಿಯ ನೂರಕ್ಕೆ ಇಪ್ಪತ್ತೈದರಷ್ಟು ದುಡಿಯುತ್ತ ಮಂದವಾಗಿರುತ್ತದೆ. ಶಾಖವಿಲ್ಲ, ಡಿಸ್ಕಿನ ಒತ್ತಡವಿಲ್ಲ. ಯಂತ್ರ ಸೋಮಾರಿಯೆಂದೇ ತೋರುತ್ತದೆ. ನಿಜವಾಗಿ ಅದರ ಒಂದು ಕೈ ಪೂರ್ತಿ ದುಡಿಯುತ್ತಿದೆ, ಮೂರು ಕೈಗಳು ಕಾದು ನಿಂತಿವೆ. ಸಂಕೋಚಗೊಳಿಸುವುದಕ್ಕೆ ಮುಂಚೆ ಕಾಳು ತೆಗೆಯುವ, ಗೆರೆಗಳನ್ನು ಕೂಡಿಸುವ ಸೋಸುವಿಕೆಗಳಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ಕೆಲಸವನ್ನು ಹಂಚಿಕೊಳ್ಳಲು ಬರುವುದಿಲ್ಲ. ಜೀನ್ ಆಮ್‌ಡಾಲ್ ಎಂಬ ಕಂಪ್ಯೂಟರ್ ತಜ್ಞರು 1967ರಲ್ಲಿಯೇ ಈ ಮಿತಿಯನ್ನು ಎತ್ತಿ ತೋರಿಸಿದ್ದರು. ಕೆಲಸದ ಹತ್ತರಲ್ಲೊಂದು ಪಾಲು ಹಂಚಲಾಗದಂಥದಾದರೆ, ಎಷ್ಟೇ ಕೈಗಳನ್ನು ಕೂಡಿಸಿದರೂ ವೇಗ ಹತ್ತು ಪಟ್ಟನ್ನು ಮೀರದು. ಇದನ್ನು ಪತ್ತೆಹಚ್ಚುವ ಬಗೆಯೂ ಸರಳ. ಮೊದಲು ಚಿತ್ರವನ್ನು ಓದುವ ಕೆಲಸವೊಂದನ್ನೇ ಮಾಡಿಸಿ ಹೊತ್ತು ನೋಡುವುದು, ಆಮೇಲೆ ಸೋಸುವಿಕೆಯನ್ನು ಸೇರಿಸುವುದು, ಕೊನೆಗೆ ಸಂಕೋಚನ. ಯಾವ ಮೆಟ್ಟಿಲಿನಲ್ಲಿ ಹೊತ್ತು ಧಿಡೀರನೆ ಏರುವುದೋ ಅಲ್ಲಿ ಗಂಟಿದೆ.

ಹೊಸ ಯಂತ್ರ ಕೊಂಡರೆ ಇವೆಲ್ಲ ಮಾಯವಾಗುವುದೆಂದು ನಂಬುವವರಿಗಾಗಿ ಒಂದು ಮಾತು. 2021ರ ನವೆಂಬರಿನಲ್ಲಿ ಇಂಟೆಲ್ ಕಂಪನಿಯ 12ನೆಯ ತಲೆಮಾರಿನ ಪ್ರೊಸೆಸರುಗಳು ಮಾರುಕಟ್ಟೆಗೆ ಬಂದುವು. ಅವುಗಳಲ್ಲಿ ಹಲವಕ್ಕೆ ಎರಡು ಜಾತಿಯ ಕೋರುಗಳು. ಕೆಲವು ಬಲವಾದುವು, ಕೆಲವು ವಿದ್ಯುತ್ತನ್ನು ಉಳಿಸುವ ಚಿಕ್ಕವು. ಎನ್‌ಕೋಡಿಂಗ್ ನಡೆಯುತ್ತಿರುವ ಕಿಟಕಿಯನ್ನು ನೀವು ಕೆಳಗಿಳಿಸಿ ಬೇರೆ ಕೆಲಸಕ್ಕೆ ತೊಡಗಿದರೆ, ಆ ಕೆಲಸ ಅವಸರದ್ದಲ್ಲವೆಂದು ಭಾವಿಸಿ ವಿಂಡೋಸ್ ಅದನ್ನು ಚಿಕ್ಕ ಕೋರುಗಳಿಗೆ ಒಪ್ಪಿಸುವುದುಂಟು. ಕಿಟಕಿಯನ್ನು ಮೇಲೆತ್ತಿ ನೋಡಿದೊಡನೆ ವೇಗ ಮರಳುತ್ತದೆ! ಮೇಷ್ಟರು ಬಂದಾಗ ಮಾತ್ರ ಓದುವ ಹುಡುಗರಂತೆ. ಮಡಿಲಿನ ಕಂಪ್ಯೂಟರುಗಳಲ್ಲಿಯಾದರೆ, ಬ್ಯಾಟರಿಯ ಮೇಲೆ ನಡೆಯುವಾಗಲೂ, ಬೇಕಾದಷ್ಟು ಶಕ್ತಿಯಿಲ್ಲದ ಚಾರ್ಜರನ್ನು ಚುಚ್ಚಿದಾಗಲೂ ಮಿಡಿತ ತಗ್ಗುತ್ತದೆ. ಹೊಸ ಯಂತ್ರಕ್ಕೆ ಹೊಸ ನಿಧಾನಗಳಿವೆ. ಕಾರಣ ಹುಡುಕುವ ಕೆಲಸ ತಪ್ಪುವುದಿಲ್ಲ.

ಕಾರಣಗಳೆಲ್ಲ ತಿಳಿದ ಮೇಲೆ ಕೆಲಸದ ಕ್ರಮವನ್ನೇ ನಾವು ಬದಲಾಯಿಸಿದೆವು. ಮುಖ್ಯವಾದದ್ದು ಇದು. ಕ್ಯಾಸೆಟ್ಟು ಓಡುವಾಗ ಭಾರವಾದ ಸಂಕೋಚನವನ್ನು ಮಾಡಿಸಲೇಬಾರದು. ಎಫ್‌ಎಫ್‌ವಿ1 ಎಂಬಂಥ, ಒಂದು ಚುಕ್ಕೆಯನ್ನೂ ಕಳೆಯದ, ಹಗುರವಾದ ಕ್ರಮದಲ್ಲಿ ಚಿತ್ರವನ್ನು ಮೊದಲು ಡಿಸ್ಕಿಗೆ ಇಳಿಸಿಕೊಳ್ಳಬೇಕು. ಬಿದ್ದುಹೋದ ಫ್ರೇಮುಗಳ ಲೆಕ್ಕ ಸೊನ್ನೆಯೆಂದು ಖಚಿತಪಡಿಸಿಕೊಂಡ ಮೇಲೆ, ಸಂಕೋಚನವನ್ನು ರಾತ್ರಿಯೋ ಮರುದಿನವೋ ಸಾವಕಾಶವಾಗಿ ಮಾಡಬೇಕು. ಆಗ ಯಂತ್ರ ಎಷ್ಟು ಮಂದವಾದರೂ ಹೋಗುವುದು ಹೊತ್ತು ಮಾತ್ರ, ಮಾತು ಹೋಗುವುದಿಲ್ಲ. ಡಿಸ್ಕಿಗೆ ಖರ್ಚಾಗುತ್ತದೆ. ಹೊಸ ಕಂಪ್ಯೂಟರಿಗೆ ಎತ್ತಿಟ್ಟಿದ್ದ ಹಣದಲ್ಲಿ ಮಾವನವರು ಎರಡು ಡಿಸ್ಕುಗಳನ್ನು ಕೊಂಡರು.

43 ಕ್ಯಾಸೆಟ್ಟುಗಳಲ್ಲಿ 40 ಸಂಪೂರ್ಣವಾಗಿ ಉಳಿದುವು. ಎರಡನ್ನು ಬೂಷ್ಟು ತಿಂದುಹಾಕಿತ್ತು. ಇನ್ನೊಂದು ಆ 'ವಾಲಿವಧೆ'. ಅದರ ಎಗರುವ ಪ್ರತಿಯನ್ನು ಮಾವನವರು ಅಳಿಸಲಿಲ್ಲ. ಧ್ವನಿಯನ್ನು ಬೇರೆ ಮಾಡಿ ಇಟ್ಟುಕೊಂಡಿದ್ದಾರೆ. ಧ್ವನಿಗೆ ಯಂತ್ರದ ಶಕ್ತಿ ಹೆಚ್ಚು ಬೇಕಿಲ್ಲವಾದ್ದರಿಂದ ಅದು ಕೆಟ್ಟಿರಲಿಲ್ಲ. ವಾಲಿಯ ಪ್ರಶ್ನೆ ಪೂರ್ತಿಯಾಗಿ ಕೇಳುತ್ತದೆ, ಮುಖ ಮಾತ್ರ ಕಾಣುವುದಿಲ್ಲ.

ನಿಮ್ಮ ಮನೆಯ ಕಪಾಟಿನಲ್ಲಿಯೂ ಮದುವೆಯದೋ ಮುಂಜಿಯದೋ ಶಾಲೆಯ ನಾಟಕದ್ದೋ ಕ್ಯಾಸೆಟ್ಟುಗಳು ಇದ್ದಾವು. ಅವುಗಳನ್ನು ಉಳಿಸಲು ಹೊರಡುವವರು ಮೊದಲು ಕಂಪ್ಯೂಟರಿನ ಧೂಳನ್ನು ತೆಗೆಯಿರಿ. ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನು ಇಟ್ಟುಕೊಳ್ಳಿ. ಯಂತ್ರ ನಿಧಾನವಾದೊಡನೆ ಅದಕ್ಕೆ ಮದ್ದು ಮಾಡುವುದಕ್ಕೆ ಮುಂಚೆ ಗಂಟೆ ಎಷ್ಟೆಂದು ಬರೆಯಿರಿ. ಮಳೆಗಾಲ ಹತ್ತಿರವಾಗುತ್ತಿದ್ದರೆ, ಬೂಷ್ಟು ಹಿಡಿಯದ ಕ್ಯಾಸೆಟ್ಟಿನಿಂದ ಆರಂಭಿಸಿ.